ಒದ್ದೆ ಬಟ್ಟೆಯ ಚೀಲ

ಸಾಗರದ ಹತ್ತಿರದ ಒಂದು ಹಳ್ಳಿ. ದಸರಾ ರಜೆಯ ಶುಕ್ರವಾರ, ಸಂಜೆ ಐದೂವರೆ. ಸೋಮವಾರ ಬೆಂಗಳೂರು ಬಿಟ್ಟ ಬಾಡಿಗೆ ಕಾರು ಐದನೇ ದಿನ ಈ ಅಂಗಳಕ್ಕೆ ಬಂದು ನಿಂತಿದೆ. ಅದರಿಂದ ಮೊದಲು ಇಳಿದದ್ದು ಒದ್ದೆ ಬಟ್ಟೆ ತುಂಬಿದ ಒಂದು ಪ್ಲಾಸ್ಟಿಕ್ ಚೀಲ. ಗಂಡ, ಅತ್ತೆ, ಮಾವ ಒಳಗೆ ಕಾಫಿ ಕುಡಿಯುತ್ತಿದ್ದಾರೆ. ಮಕ್ಕಳಿಬ್ಬರೂ ಕೊಟ್ಟಿಗೆಯಲ್ಲಿ ಕರುವಿನ ಹತ್ತಿರ. ಈ ಮನೆಯ ಹಿರಿಯಣ್ಣನ ಮಗಳು ಮಾತ್ರ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಾಳೆ. ಜಗಲಿಯಲ್ಲಿ ಕುಳಿತವರು ಅವಳ ಚಿಕ್ಕಪ್ಪ. ಕಾಲೇಜಿನಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು.

ಚಿಕ್ಕಪ್ಪ: ಬಂದು ಕಾಫಿ ಕುಡಿ ಮಗಳೇ. ಬಟ್ಟೆ ಎಲ್ಲಿಗೆ ಹೋಗುತ್ತದೆ? ನಾಳೆ ಚಿಕ್ಕಮ್ಮ ಹಾಕುತ್ತಾಳೆ ಬಿಡು.

ಮಗಳು: ಇಲ್ಲ ಚಿಕ್ಕಪ್ಪ, ಆಗಲೇ ಮುಗ್ಗಲು ವಾಸನೆ ಹಿಡಿದಿದೆ. ಉಡುಪಿಯಲ್ಲಿ ಒಗೆದು ಒಣಗದೆ ಉಳಿದದ್ದು, ಮುರುಡೇಶ್ವರದಲ್ಲಿ ಮಕ್ಕಳು ಸಮುದ್ರಕ್ಕೆ ಇಳಿದಾಗ ನೆನೆದದ್ದು, ಇವತ್ತು ಜೋಗದ ಹನಿ ಬಿದ್ದು ಒದ್ದೆಯಾದದ್ದು ಎಲ್ಲ ಇದರಲ್ಲೇ ಇದೆ. ಮೂರು ದಿನದಿಂದ ಈ ಚೀಲ ನನ್ನ ಕಾಲ ಬುಡದಲ್ಲೇ ಇತ್ತು.

ಚಿಕ್ಕಪ್ಪ: ನಿನ್ನ ಮುಖ ನೋಡಿದರೆ ರಜೆಯಲ್ಲಿರುವವಳ ಹಾಗೆ ಕಾಣುತ್ತಿಲ್ಲ. ಎಲ್ಲೆಲ್ಲಿ ಹೋಗಿ ಬಂದಿರಿ?

ಮಗಳು: ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಬೇಲೂರು ನೋಡಿಕೊಂಡು ಚಿಕ್ಕಮಗಳೂರಿನಲ್ಲಿ ರಾತ್ರಿ. ಮಂಗಳವಾರ ಮುಳ್ಳಯ್ಯನಗಿರಿ, ಅಲ್ಲಿಂದ ಹೊರನಾಡು. ಬುಧವಾರ ಶೃಂಗೇರಿ, ಆಗುಂಬೆ, ಘಾಟಿ ಇಳಿದು ಉಡುಪಿ. ಗುರುವಾರ ಕೃಷ್ಣನ ದರ್ಶನ, ಮಲ್ಪೆ, ಮುರುಡೇಶ್ವರ. ಇವತ್ತು ಜೋಗ. ಮೀಟರ್ ಏಳುನೂರು ಕಿಲೋಮೀಟರ್ ದಾಟಿದೆ. ನಾಳೆ ಇಕ್ಕೇರಿ, ಕೆಳದಿ, ಸಿಗಂದೂರು. ನಾಡಿದ್ದು ವರದಹಳ್ಳಿ ಮುಗಿಸಿ ಹೊರಟರೆ ರಾತ್ರಿ ಹನ್ನೊಂದೋ ಹನ್ನೆರಡೋ ಆಗುತ್ತದೆ ಬೆಂಗಳೂರು ಮುಟ್ಟುವಾಗ. ಸೋಮವಾರ ಆಫೀಸು.

ಚಿಕ್ಕಪ್ಪ: ಬೇಲೂರಿನಲ್ಲಿ ಏನು ನೋಡಿದೆ?

ಮಗಳು: ದೇವಸ್ಥಾನ ನೋಡಿದೆ. ಒಂದು ಗಂಟೆ ಇದ್ದೆವು. ನಿಜ ಹೇಳಬೇಕೆಂದರೆ ಒಂದು ಶಿಲ್ಪವೂ ಕಣ್ಣ ಮುಂದೆ ಬರುತ್ತಿಲ್ಲ. ಅಂಗಳದ ಚಪ್ಪಡಿ ಬಿಸಿಲಿಗೆ ಕಾದು ಕಾಲು ಇಡಲು ಆಗುತ್ತಿರಲಿಲ್ಲ. ಚಿಕ್ಕವನನ್ನು ಎತ್ತಿಕೊಂಡು ನೆರಳಿಗೆ ಓಡಿದ್ದು ನೆನಪಿದೆ.

ಚಿಕ್ಕಪ್ಪ: 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಒಂಬೈನೂರು ವರ್ಷದಿಂದ ನಿಂತಿದೆ. ಅದಕ್ಕೆ ಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಕೊಟ್ಟಿರಿ.

ಮಗಳು: ದೇಶ ಸುತ್ತು, ಕೋಶ ಓದು ಅಂತ ನಮಗೆ ಹೇಳಿಕೊಟ್ಟವರು ನೀವೇ ಅಲ್ಲವಾ?

ಚಿಕ್ಕಪ್ಪ: ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಕೋಶವನ್ನು ಯಾರೂ ಪುಟ ಎಣಿಸಿ ಓದುವುದಿಲ್ಲ ಕಣಮ್ಮ. ಊರನ್ನೂ ಹಾಗೆ ಎಣಿಸಬಾರದು. ಅದಿರಲಿ, ಒಂದು ಕೇಳುತ್ತೇನೆ. ಈ ಪ್ರವಾಸದಲ್ಲಿ ನಿನಗೆ ಅತಿ ಹೆಚ್ಚು ಖುಷಿಯಾಗಿದ್ದು ಯಾವಾಗ? ಯೋಚಿಸಿ ಹೇಳು.

ಮಗಳು: ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಹೊರಡುವುದಕ್ಕೆ ಮೊದಲಿನ ಹದಿನೈದು ದಿನ. ಮಕ್ಕಳು ಮಲಗಿದ ಮೇಲೆ ನಾನೂ ಇವರೂ ಮೊಬೈಲಿನಲ್ಲಿ ದಾರಿ ನೋಡುತ್ತಾ ಕೂರುತ್ತಿದ್ದೆವು. ದೊಡ್ಡವಳು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹೊಡೆಯುತ್ತಿದ್ದಳು. ನಾವಿಬ್ಬರೂ ಅಷ್ಟು ಹೊತ್ತು ಜಗಳವಿಲ್ಲದೆ ಮಾತಾಡಿ ವರ್ಷವೇ ಆಗಿತ್ತು.

ಚಿಕ್ಕಪ್ಪ: ಬೇಜಾರು ಯಾಕೆ? ನೆದರ್ಲೆಂಡ್ಸ್‌ನ ಜನರೂ ಹೀಗೇ ಹೇಳಿದ್ದಾರೆ. ಯೆರೂನ್ ನವೈನ್ ಎಂಬಾತನೂ ಅವನ ಸಂಗಡಿಗರೂ 1,530 ಜನರನ್ನು ಕೇಳಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ 974 ಜನ ರಜೆಗೆ ಊರು ಬಿಟ್ಟು ಹೋಗಿಬಂದವರು. ಹೊರಡುವ ಮೊದಲು ಅವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಹಿಂತಿರುಗಿದ ಮೇಲೆ ಅಳೆದರೆ ಹೆಚ್ಚಿನವರಲ್ಲಿ ಆ ವ್ಯತ್ಯಾಸವೇ ಇರಲಿಲ್ಲ. ಹೋಗಿಬಂದವರೂ ಹೋಗದವರೂ ಒಂದೇ.

ಮಗಳು: ಹಾಗಾದರೆ ಸುಮ್ಮನೆ ಯೋಜನೆ ಹಾಕುತ್ತಾ ಮನೆಯಲ್ಲೇ ಕೂತರೆ ಸಾಕಲ್ಲ!

ಚಿಕ್ಕಪ್ಪ: ತಾಳು, ಒಂದು ಗುಂಪಿಗೆ ಮಾತ್ರ ಬಂದ ಮೇಲೂ ಖುಷಿ ಉಳಿದಿತ್ತು. ರಜೆ ಬಹಳ ನಿರಾಳವಾಗಿತ್ತು ಎಂದವರಿಗೆ. ‘ಚೆನ್ನಾಗಿತ್ತು’ ಎಂದವರಿಗಲ್ಲ, ‘ಬಹಳ ನಿರಾಳ’ ಎಂದವರಿಗೆ. ಆಮೇಲೆ ಹೊರಡುವ ಮೊದಲಿನ ಖುಷಿ ಸುಳ್ಳು ಖುಷಿ ಎಂದುಕೊಳ್ಳಬೇಡ. ಅದೂ ರಜೆಯದೇ ಭಾಗ. ಹಾಗಾಗಿ ನನ್ನ ಮಾತು ಕೇಳುವುದಾದರೆ ಪ್ರವಾಸವನ್ನು ಎರಡು ತಿಂಗಳು ಮೊದಲೇ ನಿಶ್ಚಯಿಸಬೇಕು, ಮಕ್ಕಳಿಗೆ ಅಂದೇ ಹೇಳಬೇಕು. ಆ ಗೆರೆ ಹೊಡೆಯುವ ಸುಖ ಅವರಿಗೆ ಸಿಗಲಿ. ಕೊನೇ ಗಳಿಗೆಯಲ್ಲಿ ‘ನಾಳೆ ಹೊರಡೋಣ’ ಎಂದು ಹೊರಡುವವರು ಅರ್ಧ ರಜೆಯನ್ನು ಹಾಗೇ ಬಿಟ್ಟುಕೊಡುತ್ತಾರೆ.

ಮಗಳು: ಆ ನಿರಾಳದ ಗುಂಪಿಗೆ ಸೇರುವುದು ಹೇಗೆ? ನನಗೆ ಅದೊಂದು ಹೇಳಿ. ಆಗುಂಬೆಯಲ್ಲಿ ಏನಾಯಿತು ಗೊತ್ತಾ? ಸೂರ್ಯಾಸ್ತಕ್ಕೆ ಅಂತಲೇ ಶೃಂಗೇರಿಯಿಂದ ಓಡಿ ಬಂದೆವು. ಸರಿಯಾಗಿ ಆ ಹೊತ್ತಿಗೆ ಆಫೀಸಿನಿಂದ ಫೋನು. ‘ರಜೆಯಲ್ಲಿದ್ದೀಯ ಅಂತ ಗೊತ್ತು, ಒಂದೇ ನಿಮಿಷ’ ಅಂತ. ಸಿಗ್ನಲ್ ಸಿಕ್ಕಿದ್ದು ರಸ್ತೆಯ ಈಚೆ ಬದಿ. ಅಲ್ಲೇ ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ಸೂರ್ಯ ಮುಳುಗಿದ್ದು ನನ್ನ ಬೆನ್ನ ಹಿಂದೆ.

ಚಿಕ್ಕಪ್ಪ: ಮೋಡ ಇರಲಿಲ್ಲವಾ?

ಮಗಳು: ಇರಲಿಲ್ಲ. ಅಷ್ಟು ಚೆನ್ನಾಗಿ ಕಾಣುವುದು ಅಪರೂಪ ಅಂತ ಪಕ್ಕದವರು ಹೇಳುತ್ತಿದ್ದರು. ನನಗೆ ಫೋನು ಇಟ್ಟ ಮೇಲೂ ಅದೇ ಚಿಂತೆ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ.

ಚಿಕ್ಕಪ್ಪ: ಅಲ್ಲಿಗೆ ನಿನ್ನ ಶರೀರಕ್ಕೆ ರಜೆ ಸಿಕ್ಕಿತ್ತು, ಮನಸ್ಸಿಗೆ ಸಿಕ್ಕಿರಲಿಲ್ಲ. ಜರ್ಮನಿಯ ಸಬೀನೆ ಸೊನೆಂಟಾಗ್ ಎಂಬ ಮನಃಶಾಸ್ತ್ರಜ್ಞೆ ಕೆಲಸದ ದಣಿವು ಹೇಗೆ ಆರುತ್ತದೆ ಎಂದು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಷಾರ್ಲಟ್ ಫ್ರಿಟ್ಸ್ ಜೊತೆ 2007ರಲ್ಲಿ ಅವರು ಬರೆದ ಪ್ರಬಂಧದಲ್ಲಿ ದಣಿವಾರಿಸುವ ನಾಲ್ಕು ಅನುಭವಗಳನ್ನು ಹೇಳಿದ್ದಾರೆ. ಮನಸ್ಸು ಕೆಲಸದಿಂದ ಕಳಚಿಕೊಳ್ಳಬೇಕು, ಮೈ ಸಡಿಲವಾಗಬೇಕು, ಹೊಸದೊಂದನ್ನು ಕಲಿತ ತೃಪ್ತಿ ಬೇಕು, ನಮ್ಮ ಹೊತ್ತು ನಮ್ಮ ಕೈಯಲ್ಲಿರಬೇಕು. ನನಗೆ ಮೊದಲನೆಯದೂ ಕೊನೆಯದೂ ಬಹಳ ಮುಖ್ಯ ಅನ್ನಿಸುತ್ತದೆ. ನಿನಗೆ ಐದು ದಿನದಲ್ಲಿ ಅವೆರಡೂ ಸಿಗಲಿಲ್ಲ.

ಮಗಳು: ಕಳಚಿಕೋ ಅಂದರೆ ಕಳಚಿಕೊಳ್ಳುವುದಕ್ಕೆ ಅದೇನು ಚಪ್ಪಲಿಯಾ ಚಿಕ್ಕಪ್ಪ? ಅರ್ಧ ಬಿಟ್ಟುಬಂದ ಕೆಲಸ ತಲೆಯಲ್ಲೇ ಸುತ್ತುತ್ತಿರುತ್ತದೆ.

ಚಿಕ್ಕಪ್ಪ: ಸುತ್ತುತ್ತದೆ. ಬ್ಲೂಮಾ ಝೈಗಾರ್ನಿಕ್ ಎಂಬ ವಿದ್ಯಾರ್ಥಿನಿ ಬರ್ಲಿನ್ನಿನಲ್ಲಿ ಪ್ರಯೋಗ ಮಾಡಿ 1927ರಲ್ಲಿ ಅದನ್ನೇ ಬರೆದಳು. ಮುಗಿಸಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸ ಮನಸ್ಸನ್ನು ಹೆಚ್ಚು ಹಿಡಿದುಕೊಳ್ಳುತ್ತದೆ ಎಂದು. ನನ್ನ ತರಗತಿಯಲ್ಲಿ ಪ್ರತಿ ವರ್ಷ ಇದನ್ನು ಪಾಠ ಮಾಡುತ್ತಿದ್ದೆ. ಆದರೆ ಅದಕ್ಕೆ ಮದ್ದು ಸಿಕ್ಕಿದ್ದು ತಡವಾಗಿ. ಅಮೆರಿಕದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದರು. ಕೆಲಸ ಮುಗಿಸಲೇಬೇಕಿಲ್ಲ, ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ಸ್ಪಷ್ಟವಾಗಿ ನಿಶ್ಚಯಿಸಿದರೆ ಸಾಕು, ಮನಸ್ಸು ಅದನ್ನು ಕೆಳಗಿಡುತ್ತದೆ. ಸಂಜೆ ದನ ಕಟ್ಟಿದ ಹಾಗೆ. ಗೂಟಕ್ಕೆ ಕಟ್ಟಿದ್ದೇನೆ ಎಂದು ಗೊತ್ತಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಮಗಳು: ಅಂದರೆ ಬರೆದಿಡಬೇಕು ಅನ್ನುತ್ತೀರಾ?

ಚಿಕ್ಕಪ್ಪ: ಹೊರಡುವ ದಿನ ಅಲ್ಲ, ಎರಡು ದಿನ ಮೊದಲು. ಏನು ಉಳಿದಿದೆ, ಯಾರು ನೋಡಿಕೊಳ್ಳುತ್ತಾರೆ, ನಾನು ಬಂದ ಮೇಲೆ ಮಂಗಳವಾರ ಎಷ್ಟು ಗಂಟೆಗೆ ಕೈಗೆತ್ತಿಕೊಳ್ಳುತ್ತೇನೆ, ಇಷ್ಟನ್ನೂ ಬರೆದು ಜೊತೆಯವರಿಗೆ ಕೊಟ್ಟು ಬಾ. ನಿನ್ನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲದ ವಿಷಯ ಯಾವುದು ಎಂದು ಹುಡುಕಿ ಅದನ್ನು ಮೊದಲು ಬರೆ. ನಿನಗೆ ಫೋನು ಬಂದದ್ದು ಅಂಥದ್ದಕ್ಕೇ ಇರಬೇಕು.

ಮಗಳು: ಹೌದು, ಒಂದು ಪಾಸ್‌ವರ್ಡ್ ಎಲ್ಲಿದೆ ಅಂತ ಶುರುವಾಗಿದ್ದು. ನಾನು ಭಾನುವಾರ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮುಚ್ಚಿದೆ. ಮೂರಕ್ಕೆ ಅಲಾರಂ. ಮಂಗಳವಾರ ಮುಳ್ಳಯ್ಯನಗಿರಿಯಲ್ಲಿ ತಲೆ ಸಿಡಿಯುತ್ತಿತ್ತು, ಕಾರಿನಿಂದ ಇಳಿಯಲೇ ಇಲ್ಲ.

ಚಿಕ್ಕಪ್ಪ: ರಜೆ ಶುರುವಾದ ಕೂಡಲೇ ತಲೆನೋವು, ನೆಗಡಿ ಹಿಡಿಯುವವರನ್ನು ವೈದ್ಯರೂ ನೋಡಿದ್ದಾರೆ. ಓಡುತ್ತಿರುವ ಬಂಡಿಯನ್ನು ಒಮ್ಮೆಗೇ ನಿಲ್ಲಿಸಿದರೆ ಕುಲುಕುತ್ತದಲ್ಲ. ಹೊರಡುವ ಹಿಂದಿನ ದಿನ ಮನೆಯಲ್ಲಿ ಇರಬೇಕು, ಬೇಗ ಮಲಗಬೇಕು. ರಜೆಯ ಮೊದಲ ದಿನ ಪ್ರಯಾಣದ ದಿನ ಆಗಬಾರದು.

ಮಗಳು: ಇದೆಲ್ಲ ಮಾಡಿದರೂ ಫೋನು ಮಾಡುವವರು ಮಾಡುತ್ತಾರೆ. ಎತ್ತದಿದ್ದರೆ ಮುಂದಿನ ಮೌಲ್ಯಮಾಪನದಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ಆ ಭಯ ನಿಮಗೆ ಗೊತ್ತಿಲ್ಲ ಚಿಕ್ಕಪ್ಪ, ನಿಮ್ಮದು ಸರ್ಕಾರಿ ಕೆಲಸ.

ಚಿಕ್ಕಪ್ಪ: ನಿಜ, ನನಗೆ ಗೊತ್ತಿಲ್ಲ. ಆದರೆ ಒಂದು ತಿಳಿದುಕೋ, ರಜೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ನಾವು ಭಾನುವಾರ ಮನೆಯಲ್ಲಿ ಇರುತ್ತೇವಲ್ಲ, ಅದಕ್ಕೆ ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಗಟ್ಟಲೆ ಕೇಳಿದ್ದಾರೆ. ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ಅವರ ಮುಂದಾಳು. ಗಿರಣಿಗಳಿಗೆ ಭಾನುವಾರದ ವಾರದ ರಜೆ ಸಿಕ್ಕಿದ್ದು 1890ರ ಜೂನ್ 10ಕ್ಕೆ. ಸಂಬಳ ಸಹಿತ ವಾರ್ಷಿಕ ರಜೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಡಂಬಡಿಕೆ ಮಾಡಿದ್ದು 1936ರಲ್ಲಿ. ಅದರಲ್ಲಿ ವರ್ಷಕ್ಕೆ ಕನಿಷ್ಠ ಆರು ಕೆಲಸದ ದಿನ ಅಂತ ಇತ್ತು. ಈಗ ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕು ಕಾನೂನಿನಲ್ಲೇ ಇದೆ. ನಮ್ಮಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ. ಬರುವವರೆಗೆ ನಿಮ್ಮ ತಂಡದವರೇ ಕುಳಿತು ಒಂದು ಮಾತಿಗೆ ಬನ್ನಿ. ರಜೆಯಲ್ಲಿರುವವರಿಗೆ ಫೋನು ಮಾಡುವಂತಿಲ್ಲ, ತೀರಾ ತುರ್ತಿದ್ದರೆ ದಿನಕ್ಕೆ ಒಂದು ಹೊತ್ತು, ಅದೂ ಸಂದೇಶ ಮಾತ್ರ. ನಿನ್ನ ಕೆಳಗೆ ಎಷ್ಟು ಜನ ಇದ್ದಾರೆ?

ಮಗಳು: ನಾಲ್ಕು ಜನ.

ಚಿಕ್ಕಪ್ಪ: ಅವರು ರಜೆಯಲ್ಲಿದ್ದಾಗ ನೀನು ಫೋನು ಮಾಡಿಲ್ಲವಾ?

ಮಗಳು: ಮಾಡಿದ್ದೇನೆ.

ಚಿಕ್ಕಪ್ಪ: ಅಲ್ಲಿಂದ ಶುರು ಮಾಡು. ಅದು ನಿನ್ನ ಕೈಯಲ್ಲೇ ಇದೆ.

ಮಗಳು: ಒಪ್ಪಿದೆ. ಆದರೆ ಫೋನು ಒಂದೇ ಕಾರಣ ಅಂದರೆ ಅದು ಸುಳ್ಳಾಗುತ್ತದೆ. ಇವರಿಗೂ ಆಫೀಸಿನಿಂದ ಫೋನು ಬಂತು, ಆದರೂ ಇವರು ದಣಿದಿಲ್ಲ. ನಮ್ಮ ಮಾವ ಕೂಡ ಲವಲವಿಕೆಯಿಂದಲೇ ಇದ್ದಾರೆ. ದಣಿದಿರುವುದು ನಾನು, ನಮ್ಮ ಅತ್ತೆ ಇಬ್ಬರೇ.

ಚಿಕ್ಕಪ್ಪ: ಅದು ಹೇಗೆ?

ಮಗಳು: ಆರು ಜನಕ್ಕೆ ಎರಡು ರೂಮು. ಬೆಳಗ್ಗೆ ಆರಕ್ಕೆ ಹೊರಡಬೇಕು. ಗೀಸರಿನಲ್ಲಿ ಒಂದು ಸಲಕ್ಕೆ ಎರಡು ಬಕೆಟ್ ನೀರು ಕಾಯುತ್ತದೆ. ಅತ್ತೆ ನಾಲ್ಕೂವರೆಗೆ ಎದ್ದು ಮೊದಲು ಸ್ನಾನ ಮುಗಿಸುತ್ತಿದ್ದರು, ಆಮೇಲೆ ಯಾರಿಗೂ ತಡ ಆಗಬಾರದು ಅಂತ. ನಾನು ಆಮೇಲೆ ಎದ್ದು ಚಿಕ್ಕವನಿಗೆ ಹಾಲು ಬಿಸಿ ಮಾಡಿಸಿ, ಮಕ್ಕಳನ್ನು ಎಬ್ಬಿಸಿ, ನಾಲ್ಕು ಬ್ಯಾಗು ತುಂಬಿ, ಚಾರ್ಜರು, ಮಾವನ ಮಾತ್ರೆ, ದೊಡ್ಡವಳ ವಾಂತಿ ಕವರು ಎಲ್ಲ ನೋಡಿ ಇಳಿಯುವ ಹೊತ್ತಿಗೆ ಇವರು ರಿಸೆಪ್ಷನ್‌ನಲ್ಲಿ ಕೂತು ‘ಇನ್ನೂ ಆಗಲಿಲ್ವಾ’ ಅಂತ ಕೇಳುವುದು. ಹೊರಡುವ ಹಿಂದಿನ ರಾತ್ರಿ ಪುಳಿಯೋಗರೆ ಕಲಸಿ, ಚಪಾತಿ ಮಾಡಿ ಕಟ್ಟಿದ್ದೂ ನಾವೇ. ಇವರು ಕೆಟ್ಟವರಲ್ಲ ಚಿಕ್ಕಪ್ಪ. ಹೇಳಿದರೆ ಮಾಡುತ್ತಾರೆ. ಆದರೆ ಯಾವುದನ್ನು, ಯಾವಾಗ ಅಂತ ನೆನಪಿಟ್ಟುಕೊಂಡು ಹೇಳುವ ಕೆಲಸವೂ ನನ್ನದೇ.

ಚಿಕ್ಕಪ್ಪ: ...

ಮಗಳು: ಯಾಕೆ ಸುಮ್ಮನಾದಿರಿ? ತಪ್ಪು ಹೇಳಿದೆನಾ?

ಚಿಕ್ಕಪ್ಪ: ಇಲ್ಲ ಕಣೇ. ನೀನು ಬಂದ ಕೂಡಲೇ ನಾನು ಏನು ಹೇಳಿದೆ? ಬಟ್ಟೆ ಚಿಕ್ಕಮ್ಮ ಹಾಕುತ್ತಾಳೆ ಎಂದೆ. ಅದು ನೆನಪಾಯಿತು. ನೀವೆಲ್ಲ ಮೇ ತಿಂಗಳಲ್ಲಿ ಇಲ್ಲಿಗೆ ಬರುತ್ತಿದ್ದಿರಲ್ಲ, ಅದು ನೆನಪಿದೆಯಾ?

ಮಗಳು: ಅದನ್ನು ಮರೆಯುವುದು ಹೇಗೆ? ಹದಿನಾಲ್ಕು ಮಕ್ಕಳು. ಬೆಳಗ್ಗೆ ಎದ್ದ ಕೂಡಲೇ ತೆಳ್ಳೇವು, ಬೆಲ್ಲ, ತುಪ್ಪ. ತೋಟದಲ್ಲಿ ಅಬ್ಬಿ ನೀರಿನ ಕೆಳಗೆ ಮಧ್ಯಾಹ್ನದವರೆಗೆ. ಊಟಕ್ಕೆ ಅಪ್ಪೆಹುಳಿ. ಸಂಜೆ ಹಲಸಿನ ಹಪ್ಪಳ, ಕಾಯಿಚೂರು. ನನ್ನ ಜೀವನದಲ್ಲಿ ರಜೆ ಅಂದರೆ ಅದೇ. ನನ್ನ ಮಕ್ಕಳಿಗೆ ಅದು ಸಿಗಲಿಲ್ಲವಲ್ಲ ಅಂತ ನನಗೆ ಕೊರಗು.

ಚಿಕ್ಕಪ್ಪ: ಎಲ್ಲರೂ ಹಾಗೇ ಹೇಳುತ್ತಾರೆ. ನಮ್ಮ ಕಡೆಯವರು ಅಜ್ಜನ ಮನೆಯ ಬೇಸಿಗೆ ರಜೆ ನೆನೆಸಿಕೊಂಡು ಬರೆಯದವರೇ ಇಲ್ಲ. ನನಗೂ ಆಗ ಕಾಲೇಜಿಗೆ ರಜೆ. ನಾನು ಈ ಜಗಲಿಯಲ್ಲಿ ಕುಳಿತು ಓದುತ್ತಿದ್ದೆ, ನಿಮಗೆ ಕಥೆ ಹೇಳುತ್ತಿದ್ದೆ, ರಾತ್ರಿ ನಕ್ಷತ್ರ ತೋರಿಸುತ್ತಿದ್ದೆ. ನಿಮ್ಮ ಪ್ರೀತಿಯ ಚಿಕ್ಕಪ್ಪ ಆದೆ. ಆ ತೆಳ್ಳೇವಿಗೆ ಅಕ್ಕಿ ಬೀಸಿದವರು ಯಾರು? ಹದಿನಾಲ್ಕು ಮಕ್ಕಳಿಗೆ ಒಂದೊಂದೇ ಎರೆದು ಕೊಡಲು ಎರಡು ಗಂಟೆ ಬೇಕು, ಅಷ್ಟರಲ್ಲಿ ಮಧ್ಯಾಹ್ನದ ಅನ್ನಕ್ಕೆ ಇಡಬೇಕು. ನೀವು ಅಬ್ಬಿಯಲ್ಲಿ ನೆನೆಸಿ ತಂದ ಬಟ್ಟೆ ಈ ತಂತಿಯಲ್ಲಿ, ಆ ಬೇಲಿಯ ಮೇಲೆ, ಹಿತ್ತಲ ದಾಸವಾಳದ ಗಿಡದ ಮೇಲೆ ತುಂಬಿರುತ್ತಿತ್ತು. ಅಮ್ಮ ಆಗಲೇ ವಯಸ್ಸಾದವಳು. ಎಲ್ಲ ನಿನ್ನ ಚಿಕ್ಕಮ್ಮನ ಮೇಲೆ. ಹೋದ ವರ್ಷ ಒಂದು ದಿನ ಮಾತಿಗೆ ಮಾತು ಬಂದು ‘ಆ ಮೇ ತಿಂಗಳುಗಳು ಎಷ್ಟು ಚೆನ್ನಾಗಿದ್ದವಲ್ಲ’ ಎಂದೆ. ಅವಳು ಹೇಳಿದಳು, ‘ನನಗೆ ಮೇ ಅಂದರೆ ಒಲೆಯ ಹೊಗೆ ನೆನಪಾಗುತ್ತದೆ’ ಎಂದು. ಸಿಟ್ಟಿನಿಂದ ಹೇಳಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಗಳು: ಚಿಕ್ಕಮ್ಮ ಒಂದು ಸಲವೂ ಮುಖ ಗಂಟು ಹಾಕಿದ್ದು ನಾವು ನೋಡಿಲ್ಲ.

ಚಿಕ್ಕಪ್ಪ: ಅದಕ್ಕೇ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ಇರು, ಚೀಲ ಇಲ್ಲಿ ಕೊಡು. ನೀನು ಜಗಲಿಗೆ ಹೋಗಿ ಕೂತು ಕಾಫಿ ಕುಡಿ. ಉಳಿದದ್ದನ್ನು ನಾನು ಹಾಕುತ್ತೇನೆ.

ಮಗಳು: ಬೇಡ ಚಿಕ್ಕಪ್ಪ, ನಿಮ್ಮ ಸೊಂಟ...

ಚಿಕ್ಕಪ್ಪ: ಬಟ್ಟೆ ಹರವುವುದಕ್ಕೆ ಸೊಂಟ ಏನೂ ಆಗುವುದಿಲ್ಲ. ಕೂರು. ಹೇಳುತ್ತೇನೆ ಕೇಳು. ಮುಂದಿನ ಸಲ ಊರುಗಳ ಪಟ್ಟಿಗಿಂತ ಮೊದಲು ಕೆಲಸಗಳ ಪಟ್ಟಿ ಮಾಡಿ. ಬ್ಯಾಗು ತುಂಬುವುದು, ಮಕ್ಕಳ ಸ್ನಾನ, ಮಾತ್ರೆ, ಬಟ್ಟೆ, ತಿಂಡಿ, ರೂಮು ಖಾಲಿ ಮಾಡುವಾಗ ಮಂಚದ ಕೆಳಗೆ ನೋಡುವುದು, ಎಲ್ಲ ಬರೆಯಿರಿ. ಅದರ ಮುಂದೆ ಒಬ್ಬೊಬ್ಬರ ಹೆಸರು ಹಾಕಿ. ನಿನ್ನ ಹೆಸರು ಎರಡು ಕಡೆಗಿಂತ ಹೆಚ್ಚು ಬರಬಾರದು. ದೊಡ್ಡವಳಿಗೆ ಹನ್ನೊಂದು ವರ್ಷ, ಅವಳ ಬ್ಯಾಗು ಅವಳೇ ತುಂಬಲಿ. ಒಂದು ಅಂಗಿ ಮರೆತರೆ ಮರೆಯಲಿ. ಅಳಿಯಂದಿರ ಹತ್ತಿರ ನಾನೇ ಮಾತಾಡುತ್ತೇನೆ. ನಿನ್ನ ಮೇಲೆ ದೂರು ಬರದ ಹಾಗೆ, ನನ್ನ ಮೇ ತಿಂಗಳ ಕಥೆಯನ್ನೇ ಹೇಳುತ್ತೇನೆ.

ಮಗಳು: ಹೊತ್ತು ನಮ್ಮ ಕೈಯಲ್ಲಿರಬೇಕು ಅಂದಿರಲ್ಲ, ಅದು ಈಗ ಅರ್ಥ ಆಯಿತು. ಆಫೀಸಿನಲ್ಲಿ ಗಡಿಯಾರ ನೋಡಿಕೊಂಡು ಓಡುತ್ತೇನೆ. ಇಲ್ಲಿ ನಾವೇ ಮಾಡಿದ ಪಟ್ಟಿ ನೋಡಿಕೊಂಡು ಓಡಿದೆ.

ಚಿಕ್ಕಪ್ಪ: ಇನ್ನೊಂದು ಕೇಳಬೇಕು. ನಿಮ್ಮ ಕಾರಿನ ಹುಡುಗ ಎಲ್ಲಿ ಮಲಗುತ್ತಿದ್ದ?

ಮಗಳು: ಡ್ರೈವರಾ? ಎರಡು ಕಡೆ ಡ್ರೈವರ್‌ಗಳಿಗೆ ಅಂತ ಜಾಗ ಇತ್ತು. ಎರಡು ರಾತ್ರಿ ಕಾರಿನಲ್ಲೇ ಮಲಗಿದ. ದಿನಕ್ಕೆ ಬಾಟಾ ಕೊಡುತ್ತೇವೆ ಚಿಕ್ಕಪ್ಪ.

ಚಿಕ್ಕಪ್ಪ: ಬಾಟಾ ಕೊಟ್ಟರೆ ನಿದ್ದೆ ಬರುತ್ತದಾ? ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಕತ್ತಲಾದ ಮೇಲೆ ಅದನ್ನು ಇಳಿಸಿದವನು ಅವನು, ಹಿಂದಿನ ರಾತ್ರಿ ಸೀಟಿನ ಮೇಲೆ ಮಲಗಿ ಎದ್ದವನು. ನಿಮ್ಮ ಆರು ಜನರ ಜೀವ ಅವನ ಕಣ್ಣಿನ ಮೇಲೆ ಇತ್ತು. ಅವನಿಗೂ ಮನೆಯಲ್ಲಿ ಮಕ್ಕಳಿರಬಹುದು, ಅವರಿಗೂ ದಸರಾ ರಜೆ. ರೂಮು ಮಾಡುವಾಗಲೇ ಡ್ರೈವರಿಗೆ ಹಾಸಿಗೆ ಇದೆಯಾ ಎಂದು ಕೇಳಬೇಕು. ಇಲ್ಲದ ಕಡೆ ಉಳಿಯಬಾರದು. ಇವತ್ತು ಅವನಿಗೆ ಮಾಳಿಗೆಯಲ್ಲಿ ಹಾಸಿಗೆ ಹಾಕುತ್ತೇನೆ. ನಾಳೆ ಮಧ್ಯಾಹ್ನದವರೆಗೂ ಅವನನ್ನು ಯಾರೂ ಎಬ್ಬಿಸಬಾರದು.

ಮಗಳು: ನಾಳೆ ಸಿಗಂದೂರಿಗೆ ಹೋಗಬೇಕಲ್ಲ? ಸೇತುವೆ ನೋಡಬೇಕು ಅಂತ ಮಕ್ಕಳು ಕುಣಿಯುತ್ತಿದ್ದಾರೆ.

ಚಿಕ್ಕಪ್ಪ: ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಎರಡೂವರೆ ಕಿಲೋಮೀಟರ್‌ ಹತ್ತಿರ ಉದ್ದ. ಅದಕ್ಕೆ ಮೊದಲು ಶರಾವತಿ ಹಿನ್ನೀರಿನಲ್ಲಿ ಲಾಂಚಿಗೆ ಕಾಯುತ್ತಿದ್ದೆವು. ಸೇತುವೆ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಸಲಕ್ಕೆ ಇರಲಿ. ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ಗೆರೆ ಹೊಡೆಯಲು ಒಂದು ಕಾರಣ ಬೇಕಲ್ಲ. ನಾಳೆ ಇಕ್ಕೇರಿ ಒಂದೇ ಸಾಕು. ಇಲ್ಲಿಂದ ಆಟೋದಲ್ಲಿ ಹೋಗೋಣ, ಬಿಸಿಲೇರುವ ಮುಂಚೆ. ಅಘೋರೇಶ್ವರನ ಗುಡಿಯಲ್ಲಿ ಎರಡು ಗಂಟೆ ಸುಮ್ಮನೆ ಇರೋಣ. ಎದುರಿನ ನಂದಿ ಮಂಟಪದಲ್ಲಿ ಚಿಕ್ಕವನು ನಂದಿಯ ಸುತ್ತ ಎಷ್ಟು ಬೇಕಾದರೂ ಸುತ್ತಲಿ. ಗುಡಿಯ ಒಳಗೆ ನೆಲದ ಕಲ್ಲಿನಲ್ಲಿ ಕೆಳದಿಯ ಅರಸರು ದೇವರಿಗೆ ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ. ದರ್ಶನಕ್ಕೆ ಹೋಗುವವರು ಮುಂದೆ ನೋಡುತ್ತಾ ನಡೆದುಬಿಡುತ್ತಾರೆ, ಕಾಲ ಬುಡದಲ್ಲಿ ಅರಸರು ಮಲಗಿರುವುದು ಕಾಣುವುದಿಲ್ಲ. ದೊಡ್ಡವಳಿಗೆ ಒಂದು ಹಾಳೆ, ಪೆನ್ಸಿಲ್ ಕೊಡು. ಕೂತು ಬರೆದುಕೊಳ್ಳಲಿ. ಬೇಲೂರಿನಲ್ಲಿ ಕಳೆದದ್ದು ಇಕ್ಕೇರಿಯಲ್ಲಿ ಸಿಗಬಹುದು.

ಮಗಳು: ಭಾನುವಾರ?

ಚಿಕ್ಕಪ್ಪ: ವರದಹಳ್ಳಿಯನ್ನೂ ಬಿಡು. ಬೆಳಗ್ಗೆ ತಿಂಡಿ ತಿಂದು ಏಳಕ್ಕೆ ಹೊರಟರೆ ಮೂರು ಮೂರೂವರೆಗೆ ಮನೆ. ಬ್ಯಾಗು ಬಿಚ್ಚಿ, ತರಕಾರಿ ತಂದು, ಒಂಬತ್ತಕ್ಕೆ ಮಲಗಬಹುದು. ಕೊನೆಯ ದಿನ ಹೇಗೆ ಕಳೆಯುತ್ತದೆ ಎಂಬುದು ಸಣ್ಣ ವಿಷಯ ಅಲ್ಲ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಅದ್ದಿಸಿದರು. ಇನ್ನೊಂದು ಸಲ ಅದೇ ಒಂದು ನಿಮಿಷ, ಅದರ ಮೇಲೆ ಮತ್ತೆ ಮೂವತ್ತು ಸೆಕೆಂಡು. ಆ ಮೂವತ್ತು ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೊಮ್ಮೆ ಮಾಡುವುದಾದರೆ ಯಾವುದು ಎಂದು ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಒಟ್ಟು ನೋವು ಹೆಚ್ಚಿದ್ದರೂ, ಕೊನೆ ಸ್ವಲ್ಪ ಹಿತವಾಗಿತ್ತಲ್ಲ. ನೆನಪು ಉಳಿಯುವುದು ತುದಿಯಿಂದ. ರಾತ್ರಿ ಹನ್ನೆರಡಕ್ಕೆ ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಮಕ್ಕಳು ಅಳುತ್ತಾ ಮುಗಿದ ರಜೆಯನ್ನು ನೀನು ಹಾಗೇ ನೆನಪಿಟ್ಟುಕೊಳ್ಳುತ್ತೀಯ.

ಮಗಳು: ಇಷ್ಟೆಲ್ಲ ಸರಿ ಮಾಡಿಕೊಂಡರೂ ಒಂದು ವಾರದಲ್ಲಿ ಮತ್ತೆ ಹಳೇ ದಣಿವೇ ಬರುತ್ತದಲ್ಲ? ಹೋದ ವರ್ಷವೂ ಹಾಗೇ ಆಯಿತು.

ಚಿಕ್ಕಪ್ಪ: ಬರುತ್ತದೆ. ಜೆಸ್ಸಿಕಾ ಡಿ ಬ್ಲೂಮ್ ಎಂಬ ಸಂಶೋಧಕಿಯ ತಂಡ ಸರಾಸರಿ 23 ದಿನ ರಜೆ ಹಾಕಿದ 54 ಉದ್ಯೋಗಿಗಳನ್ನು ಅಭ್ಯಾಸ ಮಾಡಿತು. ಅವರ ಲವಲವಿಕೆ ಏರುತ್ತಾ ಹೋಗಿ ಎಂಟನೇ ದಿನ ತುದಿ ಮುಟ್ಟಿತು. ಕೆಲಸಕ್ಕೆ ಹಿಂತಿರುಗಿದ ಮೊದಲ ವಾರದಲ್ಲೇ ಮೊದಲಿನ ಮಟ್ಟಕ್ಕೆ ಇಳಿಯಿತು. ಅಷ್ಟು ಉದ್ದದ ರಜೆಯೂ ಹಾಗೇ ಇಳಿದರೆ ವರ್ಷಕ್ಕೊಂದು ದೊಡ್ಡ ರಜೆಯನ್ನೇ ನಂಬಿಕೊಂಡು ಹನ್ನೊಂದು ತಿಂಗಳು ದುಡಿಯುವುದರಲ್ಲಿ ಅರ್ಥವಿಲ್ಲ. ನಿದ್ದೆಯನ್ನು ಯಾರೂ ವರ್ಷಕ್ಕೊಮ್ಮೆ ಮಾಡುವುದಿಲ್ಲವಲ್ಲ. ಎರಡು ಮೂರು ತಿಂಗಳಿಗೆ ಒಮ್ಮೆ ಮೂರು ನಾಲ್ಕು ದಿನ. ದೂರ ಹೋಗಬೇಕೆಂದಿಲ್ಲ, ದುಡ್ಡೂ ಬೇಕಿಲ್ಲ. ನೀನು ಒಬ್ಬಳೇ ಬಂದರೂ ಆಯಿತು. ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪ ರೈಲು ಹತ್ತಿದರೆ ಬೆಳಗ್ಗೆ ಸಾಗರದಲ್ಲಿ ಇಳಿಯುತ್ತೀಯ. ಸ್ಟೇಷನ್ನಿಗೆ ನಾನು ಬರುತ್ತೇನೆ.

ಮಗಳು: ಒಬ್ಬಳೇ? ಮಕ್ಕಳನ್ನು ಬಿಟ್ಟು?

ಚಿಕ್ಕಪ್ಪ: ಮೂರು ದಿನ ಅವರ ಅಪ್ಪ ನೋಡಿಕೊಳ್ಳಲಿ. ಬಂದರೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಚಿಕ್ಕಮ್ಮನೂ ಇಡುವುದಿಲ್ಲ. ಆ ಮೂರು ದಿನ ನನ್ನ ಅಡುಗೆ. ಅನ್ನ, ಸಾರು, ಹಪ್ಪಳ ನನಗೆ ಬರುತ್ತದೆ.

ಮಗಳು: ನನ್ನ ಲೆಕ್ಕದಲ್ಲಿ ಇನ್ನೂ ಹನ್ನೊಂದು ದಿನ ರಜೆ ಉಳಿದಿದೆ ಚಿಕ್ಕಪ್ಪ. ಡಿಸೆಂಬರ್ 31ರೊಳಗೆ ತೆಗೆದುಕೊಳ್ಳದಿದ್ದರೆ ಅದರಲ್ಲಿ ಆರು ದಿನ ಹೋಗಿಬಿಡುತ್ತದೆ. ಹೋದ ವರ್ಷ ಒಂಬತ್ತು ದಿನ ಹಾಗೇ ಹೋಯಿತು.

ಚಿಕ್ಕಪ್ಪ: ಇವತ್ತೇ ಅರ್ಜಿ ಹಾಕು. ಕಾಫಿ ಆರುತ್ತಿದೆ, ಅದನ್ನು ಕುಡಿದು ಹಾಕು.